ಗೋವಾದಲ್ಲಿ ಇಷ್ಟೊಂದು ಮಳೆ ಸುರಿದರೂ ಮೇ ತಿಂಗಳಲ್ಲಿ ಬಾವಿ ಬತ್ತುವುದು ಯಾಕೆ?

ಓದುಗರ ಪ್ರಶ್ನೆ: ನಮ್ಮದು ಗದಗ ಜಿಲ್ಲೆಯ ರೋಣದ ಹತ್ತಿರದ ಹಳ್ಳಿ. ಕೆಲಸಕ್ಕೆಂದು ಗೋವಾಕ್ಕೆ ಬಂದು ಪರ್ವರಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದೇವೆ. ಜುಲೈಯಲ್ಲಿ ಮನೆ ಮಾಲೀಕರ ಬಾವಿ ಮುಕ್ಕಾಲು ತುಂಬಿತ್ತು, ಏಪ್ರಿಲ್ ಕೊನೆಗೆ ತಳ ಕಂಡಿತು, ಈಗ ಟ್ಯಾಂಕರ್ ನೀರು. ನಮ್ಮ ಕಡೆ ಇಲ್ಲಿನ ಮಳೆಯ ಕಾಲು ಭಾಗವೂ ಬೀಳುವುದಿಲ್ಲ, ಆದರೂ ಹಿಂಗಾರಿ ಜೋಳ ಬರುತ್ತದೆ. ಇಲ್ಲಿ ಬಿದ್ದ ನೀರೆಲ್ಲ ಎಲ್ಲಿ ಹೋಗುತ್ತದೆ? ಬಾವಿ ಇನ್ನಷ್ಟು ಆಳ ಮಾಡಿಸಿದರೆ ಪ್ರಯೋಜನ ಇದೆಯಾ ಎಂದು ಮಾಲೀಕರು ಕೇಳುತ್ತಿದ್ದಾರೆ. ಇನ್ನೊಂದು ಮಾತು, ಪಕ್ಕದ ಮನೆಯ ಅಜ್ಜಿ ಮೇ ತಿಂಗಳು ಪೂರ್ತಿ ಒಣಮೀನು, ಮೆಣಸಿನಕಾಯಿ, ಹುಣಸೆಹಣ್ಣು ಅಂತ ಡಬ್ಬಿ ತುಂಬುವುದರಲ್ಲೇ ಇರುತ್ತಾರೆ. ಮೂಲೆಗೊಂದು ಅಂಗಡಿ ಇರುವಾಗ ಇದೆಲ್ಲ ಯಾಕೆ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಹಿಂಗಾರಿ ಜೋಳ ಅಂದಿರಲ್ಲ, ಅದು ಮಳೆಯಿಂದ ಬರುವ ಬೆಳೆಯಲ್ಲ, ಮಣ್ಣಿನಿಂದ ಬರುವ ಬೆಳೆ. ರೋಣ, ನರಗುಂದದ ಎರೆಹೊಲ ಸೆಪ್ಟೆಂಬರ್ ಮಳೆಯನ್ನು ಕುಡಿದು ಒಳಗೇ ಇಟ್ಟುಕೊಳ್ಳುತ್ತದೆ. ಆಮೇಲೆ ಆಕಾಶದಿಂದ ಹನಿ ಬೀಳದಿದ್ದರೂ ಆ ಹಸಿಯಲ್ಲೇ ಜೋಳ, ಕಡಲೆ ಫೆಬ್ರವರಿವರೆಗೆ ನಿಲ್ಲುತ್ತವೆ. ನಿಮ್ಮಲ್ಲಿ ವರ್ಷಕ್ಕೆ ಆರು ನೂರು ಮಿಲಿಮೀಟರಿನ ಆಸುಪಾಸು ಮಳೆ. ಗೋವಾದಲ್ಲಿ ಸುಮಾರು 3,000 ಮಿಲಿಮೀಟರ್, ಸತ್ತರಿ, ಸಾಂಗೆ ಕಡೆ ಘಟ್ಟದ ಬುಡಕ್ಕೆ ಹೋದರೆ ಇನ್ನೂ ಜಾಸ್ತಿ. ಬೀಳುವುದರಲ್ಲಿ ಕೊರತೆಯೇನೂ ಇಲ್ಲ. ಹಿಡಿದಿಡುವ ನೆಲ ಇಲ್ಲ, ಅಷ್ಟೆ.

ನೀವಿರುವ ಪರ್ವರಿಯನ್ನೇ ನೋಡಿ. ಅದೊಂದು ಚಪ್ಪಟೆ ತಲೆಯ ಗುಡ್ಡ. ವಿಧಾನಸಭೆಯ ಕಟ್ಟಡವೂ ಅದರ ಮೇಲೇ ಇದೆ. ಇಂಥ ಬೋಳು ತಲೆಯ ಗುಡ್ಡಗಳನ್ನು ಇಲ್ಲಿ ಸಡೆ ಅನ್ನುತ್ತಾರೆ. ವಾಸ್ಕೋದ ಹೆಡ್‌ಲ್ಯಾಂಡ್ ಸಡಾ ಕೇಳಿರುತ್ತೀರಿ, ವೆರ್ಣಾದ ಕೈಗಾರಿಕಾ ಪ್ರದೇಶ ಇರುವುದೂ ಹೀಗೇ ಒಂದು ಗುಡ್ಡದ ಮೇಲೆ. ಮೇಲಿನ ಪದರ ಪೂರ್ತಿ ಕೆಂಪುಕಲ್ಲು, ನಮ್ಮ ಕರಾವಳಿಯವರ ಮುರಕಲ್ಲು, ಇಲ್ಲಿಯವರ ಚಿರೇಕಲ್ಲು. ಬಿಸಿಲು ಮಳೆ ಲಕ್ಷಾಂತರ ವರ್ಷ ಬಂಡೆಯನ್ನು ತೊಳೆದು ತೊಳೆದು, ಕರಗುವುದೆಲ್ಲ ಕರಗಿ ಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂ ಮಾತ್ರ ಉಳಿದು ಗಟ್ಟಿಯಾದ ಕಲ್ಲು ಇದು. ಗೋಡೆಗೆ ಹಾಕಿದ ಒಂದು ಚಿರೇಕಲ್ಲನ್ನು ಹತ್ತಿರದಿಂದ ನೋಡಿ, ಗೆದ್ದಲು ತಿಂದ ಮರದ ಹಾಗೆ ಒಳಗೆಲ್ಲ ಸುರಂಗ. ಮೇಲೆ ಒಂದು ಚೊಂಬು ನೀರು ಸುರಿದರೆ ಕ್ಷಣದಲ್ಲಿ ಕೆಳಗೆ ಇಳಿಯುತ್ತದೆ.

ಆ ಕಲ್ಲಿನ ಕೆಳಗೆ ಏನಿದೆ ಅನ್ನುವುದು ನಿಮ್ಮ ಮಾಲೀಕರಿಗೆ ಮುಖ್ಯ. ಕೆಂಪುಕಲ್ಲಿನ ಪದರ ಮುಗಿದ ಮೇಲೆ ನುಣುಪಾದ ಶೇಡಿ ಮಣ್ಣು ಸಿಗುತ್ತದೆ, ಬಿಳಿ, ಹಳದಿ, ಕೆಲವೆಡೆ ನೇರಳೆ ಬಣ್ಣದ್ದು. ಇದರೊಳಗೆ ನೀರು ಸಲೀಸಾಗಿ ಇಳಿಯುವುದಿಲ್ಲ. ಹಾಗಾಗಿ ಸಡೆಯ ಮೇಲೆ ಬಿದ್ದ ಮಳೆ ಕಲ್ಲಿನ ಸುರಂಗಗಳಲ್ಲಿ ಇಳಿದು, ಶೇಡಿಯ ಮೇಲೆ ನಿಂತು, ಮುಂದೆ ದಾರಿಯಿಲ್ಲದೆ ಪಕ್ಕಕ್ಕೆ ಜಾರುತ್ತದೆ. ಗುಡ್ಡದ ಅಂಚಿನಲ್ಲಿ, ಬುಡದಲ್ಲಿ ಒರತೆಯಾಗಿ ಹೊರಗೆ ಬರುತ್ತದೆ. ಪಣಜಿಯ ಬೊಕಾ ದ ವಾಕಾ ಝರಿ, ವೆರ್ಣಾದ ಕೇಸರ್ವಾಳ ಝರಿ, ಪೊಂಬುರ್ಪಾದ ಝರಿ, ಎಲ್ಲವೂ ಗುಡ್ಡದ ಬುಡದಲ್ಲೇ ಯಾಕಿವೆ ಅಂದರೆ ಇದಕ್ಕೇ. ನಿಮ್ಮ ಬಾವಿ ತುಂಬಿಸಿದ ನೀರೂ ಅದೇ ದಾರಿ ಹಿಡಿದಿದೆ. ಅಕ್ಟೋಬರಿನಲ್ಲಿ ಮಳೆ ನಿಂತ ದಿನದಿಂದ ಸೋರಲು ಶುರು, ಜನವರಿ ಹೊತ್ತಿಗೆ ಮಟ್ಟ ಚೆನ್ನಾಗಿಯೇ ಇಳಿದಿರುತ್ತದೆ. ನೀವು ಸೇದಿದರೂ ಇಳಿಯುತ್ತದೆ, ಸೇದದೆ ಸುಮ್ನೆ ಬಿಟ್ಟರೂ ಇಳಿಯುತ್ತದೆ.

ಹಾಗಾದರೆ ಇಲ್ಲಿಯವರು ಶತಮಾನಗಟ್ಟಲೆ ಹೇಗೆ ಬದುಕಿದರು? ಹಳೆಯ ಊರುಗಳು ಎಲ್ಲಿವೆ ಅಂತ ಒಮ್ಮೆ ಗಮನಿಸಿ. ದೇವಸ್ಥಾನ, ಚರ್ಚು, ಹಳೇ ಮನೆಗಳ ಸಾಲು, ತೆಂಗು, ಹಲಸು, ಇದೆಲ್ಲ ಹೆಚ್ಚಾಗಿ ಗುಡ್ಡದ ಬುಡದಲ್ಲಿ ಅಥವಾ ಅದರ ತಪ್ಪಲಲ್ಲಿ ಇರುತ್ತದೆ. ಮೇಲಿನ ಸಡೆ ದನ ಮೇಯಲಿಕ್ಕೆ, ಸೌದೆಗೆ, ಗೇರುಮರಕ್ಕೆ. ಕೆಳಗಿನ ತಗ್ಗು ಭತ್ತಕ್ಕೆ, ಮೀನಿಗೆ, ಉಪ್ಪಿಗೆ. ಮಧ್ಯದ ಆ ಕಿರಿದಾದ ಪಟ್ಟಿಯಲ್ಲಿ ಮನೆ, ಯಾಕಂದರೆ ಒರತೆ ಇರುವುದು ಅಲ್ಲಿ, ಬಾವಿ ತೋಡಿದರೆ ಬೇಸಿಗೆಯಲ್ಲೂ ನೀರು ನಿಲ್ಲುವುದು ಅಲ್ಲಿ. ಸೇತುವೆ, ಹೆದ್ದಾರಿ, ನಲ್ಲಿ ನೀರು ಬಂದ ಮೇಲೆ ಸಡೆಯೇ ಒಳ್ಳೆ ಸೈಟು ಅನ್ನಿಸಿತು. ಸಮತಟ್ಟು ಜಾಗ, ಗಾಳಿ, ದೂರದಲ್ಲಿ ಮಾಂಡವಿ ಕಾಣುತ್ತದೆ, ಬಿಲ್ಡರಿಗೆ ಇನ್ನೇನು ಬೇಕು. ಹಿಂದಿನವರು ದನ ಬಿಟ್ಟ ಜಾಗದಲ್ಲಿ ಈಗ ನಾವೆಲ್ಲ ಮನೆ ಮಾಡಿದ್ದೇವೆ. ಮೇಲೆ ಕಾಂಕ್ರೀಟ್ ಹಾಸಿದಷ್ಟೂ ಒಳಗೆ ಇಳಿಯುವ ನೀರು ಕಡಿಮೆ, ಹಾಗಾಗಿ ಕೆಳಗಿನ ಹಳ್ಳಿಯವರ ಒರತೆಯೂ ಸಣ್ಣದಾಗುತ್ತದೆ. ಅವರು ನಮ್ಮ ಮೇಲೆ ಸಿಟ್ಟಾಗುವುದರಲ್ಲಿ ನ್ಯಾಯ ಇದೆ ಅಂತಲೇ ನನ್ನ ಅಭಿಪ್ರಾಯ.

ಈಗ ಮಾಲೀಕರ ಪ್ರಶ್ನೆ. ಬಾವಿ ಆಳ ಮಾಡಿಸಬೇಡಿ ಅಂತ ಹೇಳಿ. ಅಥವಾ ಮಾಡಿಸುವ ಮೊದಲು ಬೇಸಿಗೆಯಲ್ಲಿ ತಳಕ್ಕೆ ಒಬ್ಬರನ್ನು ಇಳಿಸಿ ನೋಡಿಸಿ. ತಳದಲ್ಲಿ ಇನ್ನೂ ಕೆಂಪುಕಲ್ಲೇ ಇದ್ದರೆ ಸ್ವಲ್ಪ ಆಳ ಮಾಡಿದಾಗ ಕೆಲವು ವಾರದ ನೀರು ಸಿಕ್ಕೀತು. ಶೇಡಿ ಕಂಡಿದ್ದರೆ ಅಲ್ಲಿಗೆ ನಿಲ್ಲಿಸಿಬಿಡಿ, ಅದನ್ನು ಅಗೆದರೆ ನೀರು ಬರುವುದಿಲ್ಲ, ಬಂದ ನೀರೂ ಹಾಲಿನಂತೆ ಕದಡುತ್ತದೆ, ಬಾವಿಯ ಗೋಡೆ ಕೆಳಗಿನಿಂದ ಕುಸಿಯುವ ಅಪಾಯ ಬೇರೆ. ಕೊಳವೆಬಾವಿ ಹಾಕಿಸೋಣ ಅನ್ನುತ್ತಾರೆ ಕೆಲವರು. ಶೇಡಿಯ ಕೆಳಗೆ ಗಟ್ಟಿ ಬಂಡೆ, ಅದರ ಬಿರುಕಲ್ಲಿ ಮಾತ್ರ ನೀರು, ಬಿರುಕು ಸಿಕ್ಕರೆ ಅದೃಷ್ಟ. ಅದಕ್ಕೆ 2002ರ ಅಂತರ್ಜಲ ಕಾಯ್ದೆಯ ಪ್ರಕಾರ ಅನುಮತಿಯೂ ಬೇಕು, ಯಾರೋ ಏಜೆಂಟ್ ಬಂದು ಏನೂ ಬೇಡ ಅಂದರೆ ನಂಬಬೇಡಿ.

ಮಳೆಕೊಯ್ಲು ಮಾಡಿದರೆ? ಲೆಕ್ಕ ಹಾಕೋಣ. ನೂರು ಚದರ ಮೀಟರಿನ ಮಾಡಿನ ಮೇಲೆ 3,000 ಮಿಲಿಮೀಟರ್ ಮಳೆ ಅಂದರೆ ಮೂರು ಲಕ್ಷ ಲೀಟರ್. ಕೇಳಲಿಕ್ಕೆ ಚೆನ್ನಾಗಿದೆ. ಅದನ್ನು ಪೈಪು ಹಾಕಿ ಬಾವಿಗೆ ಬಿಟ್ಟರೆ ಮಳೆಗಾಲದಲ್ಲಿ ಹೇಗೂ ತುಂಬಿರುವ ಬಾವಿ ಇನ್ನಷ್ಟು ತುಂಬಿ, ಮತ್ತೆ ಅದೇ ದಾರಿಯಲ್ಲಿ ಗುಡ್ಡದ ಬುಡಕ್ಕೆ ಸೋರುತ್ತದೆ. ಕೆಳಗಿನವರಿಗೆ ಒಳ್ಳೆಯದು, ಅದಕ್ಕಾಗಿ ಮಾಡಿ, ಆದರೆ ಮೇ ತಿಂಗಳಲ್ಲಿ ನಿಮಗೆ ಸಿಗುತ್ತದೆ ಅಂತ ಮಾಡಬೇಡಿ. ನಿಮಗೆ ಬೇಕಾದರೆ ಮುಚ್ಚಿದ ತೊಟ್ಟಿಯೇ ಬೇಕು. ನಾಲ್ಕು ಜನರ ಮನೆಗೆ ದಿನಕ್ಕೆ ಸುಮಾರು ಐದು ನೂರು ಲೀಟರ್ ಅಂದುಕೊಂಡರೆ ಹತ್ತು ಸಾವಿರ ಲೀಟರಿನ ತೊಟ್ಟಿ ಇಪ್ಪತ್ತು ದಿನ ಬರುತ್ತದೆ. ಸೆಪ್ಟೆಂಬರ್ ಮಳೆಯಲ್ಲಿ ತುಂಬಿಸಿ, ಬೀಗ ಹಾಕಿದ ಹಾಗೆ ಇಟ್ಟು, ಮೇ ತಿಂಗಳ ಮಧ್ಯಕ್ಕೆ ತೆರೆದರೆ ಟ್ಯಾಂಕರಿನ ಖರ್ಚು ಅಷ್ಟು ಉಳಿಯುತ್ತದೆ. ಅದಕ್ಕಿಂತ ದೊಡ್ಡ ಆಸೆ ಇಟ್ಟುಕೊಳ್ಳಬೇಡಿ.

ಸರಿ, ಬಾವಿಯಿಂದ ಸೋರಿದ ನೀರು ಹೊಳೆಗೆ ಸೇರಿತು, ಹೊಳೆಯಲ್ಲಾದರೂ ಇರಬೇಕಲ್ವಾ? ಇರುತ್ತದೆ, ಆದರೆ ಉಪ್ಪಾಗಿ ಇರುತ್ತದೆ. ಗೋವಾದ ಅಗಲ ಘಟ್ಟದಿಂದ ಕಡಲಿಗೆ ಹೆಚ್ಚೆಂದರೆ ಅರವತ್ತೈದು ಕಿಲೋಮೀಟರ್. ನಿಮ್ಮ ಮಲಪ್ರಭೆ ಮತ್ತು ಇಲ್ಲಿನ ಮಾಂಡವಿ, ನಾವು ಮಹದಾಯಿ ಅನ್ನುವ ಹೊಳೆ, ಎರಡೂ ಖಾನಾಪುರ ತಾಲೂಕಿನಲ್ಲೇ ಹುಟ್ಟುತ್ತವೆ. ಮಲಪ್ರಭೆ ಪೂರ್ವಕ್ಕೆ ತಿರುಗಿ ಮುನ್ನೂರು ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಮಾಂಡವಿ ಎಂಬತ್ತು ಕಿಲೋಮೀಟರಿನಲ್ಲಿ ಕಡಲು ಮುಟ್ಟುತ್ತದೆ. ಜುಲೈಯಲ್ಲಿ ಕೆಂಪಗೆ ಉಕ್ಕಿ ಹರಿಯುವ ಅದೇ ಹೊಳೆ ಏಪ್ರಿಲಿನಲ್ಲಿ ಎಷ್ಟು ಸಣ್ಣದಾಗುತ್ತದೆ ಅಂದರೆ, ಉಬ್ಬರದ ಹೊತ್ತಿಗೆ ಕಡಲ ನೀರು ಹೊಳೆಯೊಳಗೆ ಹತ್ತಾರು ಕಿಲೋಮೀಟರ್ ನುಗ್ಗಿ ಬರುತ್ತದೆ. ಅದನ್ನು ಹಿಂದಕ್ಕೆ ತಳ್ಳಲು ಮೇಲಿನಿಂದ ಸಿಹಿನೀರಿನ ಬಲ ಬೇಕು, ಬೇಸಿಗೆಯಲ್ಲಿ ಆ ಬಲ ಇರುವುದಿಲ್ಲ. ಅದಕ್ಕೇ ಕುಡಿಯುವ ನೀರನ್ನು ಉಪ್ಪು ಮುಟ್ಟದ ಮೇಲಿನ ಜಾಗಗಳಿಂದ ಎತ್ತುತ್ತಾರೆ: ಫೋಂಡಾ ಹತ್ತಿರ ಖಾಂಡೆಪಾರ್ ಹೊಳೆಯ ಓಪಾ, ದಕ್ಷಿಣಕ್ಕೆ ಸಾಂಗೆಯ ಸಾಳಾವಳಿ ಅಣೆಕಟ್ಟು. ಉತ್ತರದ ಕಡೆಗೆ ತಿಳಾರಿ ಕಾಲುವೆಯ ಆಸರೆ ಇದೆ, ಅದು ಬರುವುದು ಮಹಾರಾಷ್ಟ್ರದಿಂದ, ಕಾಲುವೆ ಎಲ್ಲೋ ಒಡೆದರೆ ಉತ್ತರ ಗೋವಾದಲ್ಲಿ ನಲ್ಲಿ ಗುರಗುಟ್ಟುತ್ತದೆ.

ಮಹದಾಯಿ ಅಂದ ಕೂಡಲೇ ನಿಮಗೆ ಅದರ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆ ನೆನಪಾಗಿರುತ್ತದೆ, ನರಗುಂದದ ಕಡೆಯವರಿಗೆ ಆಗದಿದ್ದರೆ ಇನ್ಯಾರಿಗೆ. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ, ಗೋವಾಕ್ಕೆ 24 ಟಿಎಂಸಿ ಅಂತ ಹೇಳಿತು, ಆಮೇಲೆ ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. ಯಾರು ಸರಿ ಅನ್ನುವ ಮಾತಿಗೆ ನಾನು ಇಲ್ಲಿ ಇಳಿಯುವುದಿಲ್ಲ. ಒಂದು ವಿಷಯ ಮಾತ್ರ. ಮಳೆಗಾಲದಲ್ಲಿ ಕಡಲಿಗೆ ಇಷ್ಟು ನೀರು ಸುಮ್ಮನೆ ಹೋಗುತ್ತದಲ್ಲ ಅಂತ ನಮ್ಮ ಕಡೆಯವರು ಕೇಳುವುದೂ ನಿಜ, ಬೇಸಿಗೆಯ ಹರಿವು ಇನ್ನಷ್ಟು ಕಡಿಮೆಯಾದರೆ ಉಪ್ಪು ಇನ್ನಷ್ಟು ಮೇಲೆ ಹತ್ತುತ್ತದೆ ಅಂತ ಇಲ್ಲಿಯವರು ಹೆದರುವುದೂ ನಿಜ. ಇಬ್ಬರೂ ಒಂದೇ ಹೊಳೆಯ ಎರಡು ಬೇರೆ ತಿಂಗಳ ಬಗ್ಗೆ ಮಾತಾಡುತ್ತಿದ್ದಾರೆ.

ಈ ಉಪ್ಪಿನ ಜೊತೆ ಇಲ್ಲಿಯವರು ಮಾಡಿಕೊಂಡ ಒಪ್ಪಂದವನ್ನು ನೀವು ಒಮ್ಮೆ ಕಣ್ಣಾರೆ ನೋಡಬೇಕು. ಹೊಳೆಯ ಪಕ್ಕದ ತಗ್ಗು ಗದ್ದೆಗಳಿಗೆ ಖಾಜನ ಅನ್ನುತ್ತಾರೆ, ಸುಮಾರು 17-18 ಸಾವಿರ ಹೆಕ್ಟೇರ್ ಇದೆ. ಗದ್ದೆಯ ಮಟ್ಟ ಉಬ್ಬರದ ನೀರಿನ ಮಟ್ಟಕ್ಕಿಂತ ಕೆಳಗೆ. ಅಂದರೆ ಬಂಡು ಇಲ್ಲದಿದ್ದರೆ ದಿನಕ್ಕೆ ಎರಡು ಸಲ ಕಡಲು ಗದ್ದೆಗೆ ಬರಬೇಕು. ಮಣ್ಣು, ಹುಲ್ಲು, ಚಿರೇಕಲ್ಲು ಸೇರಿಸಿ ಕಟ್ಟಿದ ಬಂಡು, ಅದರ ಹೊರಗೆ ಅಲೆ ತಡೆಯಲು ಕಾಂಡ್ಲಾ ಗಿಡ, ಅಂದರೆ ಉಪ್ಪುನೀರಲ್ಲಿ ಬೆಳೆಯುವ ಮ್ಯಾಂಗ್ರೋವ್. ಬಂಡಿನ ನಡುವೆ ಮಾನಸ್ ಅನ್ನುವ ಮರದ ಬಾಗಿಲು. ಅದಕ್ಕೆ ಮೋಟಾರು ಬೇಡ, ಕಾವಲುಗಾರ ಬೇಡ. ಹೊಳೆಯಲ್ಲಿ ನೀರು ಏರಿದಾಗ ಹೊರಗಿನ ಒತ್ತಡಕ್ಕೆ ಬಾಗಿಲು ತಾನೇ ಮುಚ್ಚುತ್ತದೆ, ಇಳಿತದಲ್ಲಿ ಒಳಗಿನ ಮಳೆನೀರಿನ ಒತ್ತಡಕ್ಕೆ ತಾನೇ ತೆರೆಯುತ್ತದೆ. ಇಳಿತದ ಹೊತ್ತಿಗೆ ಆ ಬಾಗಿಲಿಗೆ ಬಲೆ ಕಟ್ಟಿದರೆ ಒಳಗಿನ ಸಿಗಡಿ, ಏಡಿ, ಮೀನು ನೀರಿನ ಜೊತೆ ಬಂದು ಬೀಳುತ್ತದೆ. ಹಾಗೆ ಮೀನು ಹಿಡಿಯುವ ಹಕ್ಕನ್ನು ಊರವರು ಹರಾಜು ಹಾಕುತ್ತಾರೆ, ಬಂದ ಹಣ ಬಂಡಿನ ದುರಸ್ತಿಗೆ. ಗದ್ದೆಯಲ್ಲಿ ಜೂನ್ ಮಳೆ ಮಣ್ಣಿನ ಉಪ್ಪು ತೊಳೆದ ಮೇಲೆ ಕೋರ್ಗುಟ್ ಅನ್ನುವ ಭತ್ತ ಹಾಕುತ್ತಾರೆ, ಸ್ವಲ್ಪ ಉಪ್ಪು ಇದ್ದರೂ ಅದು ತಾಳುತ್ತದೆ. ನಮ್ಮ ಕುಮಟಾದ ಅಘನಾಶಿನಿ ಬದಿಯ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುತ್ತಾರಲ್ಲ, ಅದೇ ಕುಟುಂಬದ ಬುದ್ಧಿ.

ಈಗೀಗ ಇದು ಹಾಳಾಗುತ್ತಿದೆ. ಸಿಗಡಿಗೆ ಜಾಸ್ತಿ ರೇಟು ಬಂದಾಗಿನಿಂದ ಹರಾಜು ಹಿಡಿದವರು ಬಾಗಿಲನ್ನು ಬೇಕೆಂದೇ ತೆರೆದಿಟ್ಟು ಉಪ್ಪುನೀರು ಬಿಡುತ್ತಾರೆ ಅನ್ನುವ ದೂರು ಅನೇಕ ಊರುಗಳಲ್ಲಿದೆ. ಒಂದು ಬಂಡು ಒಡೆದು ಎರಡು ಮಳೆಗಾಲ ಕಟ್ಟದೆ ಬಿಟ್ಟರೆ ಗದ್ದೆಯಲ್ಲಿ ಕಾಂಡ್ಲಾ ಬೆಳೆಯುತ್ತದೆ, ಆಮೇಲೆ ಅದನ್ನು ಕಡಿಯಲು ಕಾನೂನು ಬಿಡುವುದಿಲ್ಲ, ಗದ್ದೆ ಹೋದ ಹಾಗೇ.

ಇನ್ನು ನಿಮ್ಮ ಪಕ್ಕದ ಮನೆಯ ಅಜ್ಜಿ. ಅವರು ಮಾಡುತ್ತಿರುವುದು ಪುರುಮೆಂತ್, ಮಳೆಗಾಲದ ದಾಸ್ತಾನು. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳಿಗೆ ಕಡಲಲ್ಲಿ ಮೀನುಗಾರಿಕೆ ನಿಷೇಧ. ನಿಷೇಧ ಬರುವ ಮೊದಲೂ ಆ ಕಡಲಿಗೆ ದೋಣಿ ಇಳಿಸುವವರು ಕಡಿಮೆಯೇ ಇದ್ದರು. ಮೀನು ಇಲ್ಲದೆ ಊಟ ಸೇರದ ಮನೆಯಲ್ಲಿ ಎರಡು ತಿಂಗಳು ಏನು ಮಾಡುವುದು? ಮೇ ಬಿಸಿಲಲ್ಲಿ ಬಂಗಡೆ ಸೀಳಿ ಉಪ್ಪು ಹಾಕಿ ಒಣಗಿಸುತ್ತಾರೆ, ಸಣ್ಣ ಸಿಗಡಿ ಒಣಗಿಸುತ್ತಾರೆ, ಭಿರಂಡಾ ಹಣ್ಣಿನ ಸಿಪ್ಪೆ ಅಂದರೆ ನಮ್ಮ ಮುರುಗಲ, ಕಾಣಕೋಣ ಕಡೆಯ ಮೆಣಸಿನಕಾಯಿ, ಹಲಸಿನ ಹಪ್ಪಳ, ದಪ್ಪ ಉಪ್ಪು, ಈರುಳ್ಳಿ ಗೊಂಚಲು. ಮಡಗಾಂವಿನಲ್ಲಿ ಚರ್ಚಿನ ಹಬ್ಬದ ಜೊತೆ ಇದಕ್ಕೆಂದೇ ಸಂತೆ ಸೇರುತ್ತದೆ, ಮಾಪ್ಸಾದ ಶುಕ್ರವಾರದ ಸಂತೆಗೆ ಮೇ ತಿಂಗಳಲ್ಲಿ ಹೋದರೆ ಕಾಲಿಡಲು ಜಾಗ ಇರುವುದಿಲ್ಲ. ಮೂಲೆಯಂಗಡಿ ಇದೆ ನಿಜ. ಆದರೆ ಆ ಅಂಗಡಿಯ ತರಕಾರಿಯಲ್ಲಿ ಬಹುಪಾಲು ಬೆಳಗಾವಿಯಿಂದ ಚೋರ್ಲಾ ಘಾಟ್ ಅಥವಾ ಅನ್ಮೋಡ್ ಘಾಟ್ ಇಳಿದು ಬರಬೇಕು. ಜುಲೈಯಲ್ಲಿ ಘಟ್ಟದಲ್ಲಿ ಒಂದು ಕಡೆ ಗುಡ್ಡ ಜರಿದರೆ ಸಾಕು, ಮರುದಿನವೇ ಟೊಮೆಟೊ ರೇಟು ಕೇಳಿ ನೋಡಿ. ಅಜ್ಜಿಗೆ ಇದು ಯಾರೂ ಹೇಳಿಕೊಡಬೇಕಾಗಿಲ್ಲ.

ನೀವೂ ನಿಮ್ಮೂರಲ್ಲಿ ದಾಸ್ತಾನು ಮಾಡಿದವರೇ. ಆದರೆ ಅಲ್ಲಿ ನೆಲದೊಳಗೆ ಹಗೇವು ತೋಡಿ ಜೋಳ ತುಂಬಿ ಮುಚ್ಚಿದರೆ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು, ನೆಲ ಒಣ. ಇಲ್ಲಿ ನೆಲದೊಳಗೆ ಏನು ಇಟ್ಟರೂ ಜೂನ್ ಕೊನೆಗೆ ಮೊಳಕೆ. ಅದಕ್ಕೇ ಇಲ್ಲಿ ಧಾನ್ಯ ಮೇಲೆ ಅಟ್ಟದಲ್ಲಿ ಇರುತ್ತದೆ, ಒಲೆಯ ಬಿಸಿ ತಾಗುವ ಕಡೆ. ಊಟಕ್ಕೆ ಕುಚ್ಚಲಕ್ಕಿಯನ್ನೇ ಬಳಸುವುದಕ್ಕೂ ಇದೊಂದು ಕಾರಣ, ಭತ್ತ ಬೇಯಿಸಿ ಒಣಗಿಸಿದರೆ ಕಾಳು ಗಟ್ಟಿಯಾಗಿ ಹುಳ ಬೀಳುವುದು ಕಡಿಮೆ. ಮನೆಯ ಮಾಡೂ ಹಾಗೆಯೇ. ನಿಮ್ಮ ಮಾಳಿಗೆ ಮನೆಯ ಮಣ್ಣಿನ ಚಾವಣಿ ಇಲ್ಲಿ ಒಂದು ವಾರ ನಿಲ್ಲುವುದಿಲ್ಲ. ಕಡಿದಾದ ಹೆಂಚಿನ ಮಾಡೇ ಬೇಕು, ಮಂಗಳೂರಿನಲ್ಲಿ ಬಾಸೆಲ್ ಮಿಶನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಆ ಹೆಂಚು ಕರಾವಳಿ ಉದ್ದಕ್ಕೂ ಹರಡಿತು. ಹಳೇ ಮನೆಗಳ ಕಿಟಕಿಯಲ್ಲಿ ಗಾಜಿನ ಬದಲು ತೆಳುವಾದ ಕಪ್ಪೆಚಿಪ್ಪನ್ನು ಕತ್ತರಿಸಿ ಕೂರಿಸಿರುತ್ತಾರೆ, ಜುವಾರಿಯ ಅಳಿವೆಯಲ್ಲಿ ಸಿಗುತ್ತಿದ್ದದ್ದು. ಬಿಸಿಲಿನ ಝಳ ತಡೆದು ಬೆಳಕನ್ನು ಮಾತ್ರ ಒಳಗೆ ಬಿಡುತ್ತದೆ, ಪಣಜಿಯ ಫೊಂತೇಯ್ನ್ಯಾಸ್ ಕಡೆ ಹೋದಾಗ ನೋಡಿ. ಈಗ ಕಟ್ಟುವ ಫ್ಲಾಟುಗಳಿಗೆ ಮಟ್ಟಸವಾದ ಕಾಂಕ್ರೀಟ್ ತಾರಸಿ, ಎರಡನೇ ಮಳೆಗಾಲಕ್ಕೆ ಸೋರುತ್ತದೆ, ಮೂರನೆಯದಕ್ಕೆ ಮೇಲೆ ತಗಡಿನ ಮಾಡು ಬರುತ್ತದೆ. ಪರ್ವರಿಯಲ್ಲಿ ತಲೆ ಎತ್ತಿ ನೋಡಿದರೆ ಸಾಕು, ಆ ತಗಡುಗಳ ಸಾಲೇ ಕಾಣುತ್ತದೆ.

ಕೊನೆಗೆ, ನೀವು ಕೇಳದೇ ಇದ್ದರೂ ಹೇಳಲೇಬೇಕಾದ ವಿಷಯ: ಶೌಚದ ಗುಂಡಿ. ಇಲ್ಲಿ ಸೆಪ್ಟಿಕ್ ಟ್ಯಾಂಕಿನ ಸೋಕ್‌ಪಿಟ್, ಅಂದರೆ ಇಂಗುಗುಂಡಿ, ತುಂಬುವುದೇ ಇಲ್ಲ ಅಂತ ಜನ ಖುಷಿ ಪಡುತ್ತಾರೆ. ತುಂಬುವುದಿಲ್ಲ ಯಾಕೆಂದರೆ ಕೆಂಪುಕಲ್ಲಿನ ಅದೇ ಸುರಂಗಗಳಲ್ಲಿ ಹರಿದು ಹೋಗುತ್ತಿದೆ, ನಿಮ್ಮದೋ ಪಕ್ಕದವರದೋ ಬಾವಿಯ ಕಡೆಗೆ. ಪೋರ್ಚುಗೀಸರ ಹಿಂದಿನ ರಾಜಧಾನಿ ಹಳೇ ಗೋವಾ ಒಂದು ಕಾಲಕ್ಕೆ ಏಷ್ಯಾದ ದೊಡ್ಡ ಪಟ್ಟಣಗಳಲ್ಲಿ ಒಂದಾಗಿತ್ತು, ಮೇಲಿಂದ ಮೇಲೆ ಸಾಂಕ್ರಾಮಿಕ ರೋಗ ಬಂದು ಖಾಲಿಯಾಯಿತು. ಕೊಳಚೆ ನೀರು ಈ ತೂತು ನೆಲದಲ್ಲಿ ಇಳಿದು ಬಾವಿಗೆ ಸೇರಿದ್ದು ಅದಕ್ಕೆ ಒಂದು ಕಾರಣ ಅನ್ನುತ್ತಾರೆ. ಪೋರ್ಚುಗೀಸ್ ವೈಸ್‌ರಾಯ್ 1759ರಲ್ಲಿ ಅಲ್ಲಿಂದ ಪಣಜಿಗೆ ಬಂದ, 1843ರಲ್ಲಿ ಪಣಜಿ ಅಧಿಕೃತವಾಗಿ ರಾಜಧಾನಿ ಆಯಿತು. ನಿಮ್ಮ ಬಾವಿಗೂ ಗುಂಡಿಗೂ ನಡುವೆ ಎಷ್ಟು ದೂರ ಇದೆ, ಇಳಿಜಾರು ಯಾವ ಕಡೆ ಅಂತ ನೋಡಿ. ಗುಂಡಿ ಮೇಲ್ಗಡೆ, ಬಾವಿ ಕೆಳಗಡೆ ಇದ್ದರೆ ಆ ನೀರನ್ನು ಬಟ್ಟೆ, ಪಾತ್ರೆಗೆ ಮಾತ್ರ ಇಟ್ಟುಕೊಳ್ಳಿ. ಮೊದಲ ಜೋರು ಮಳೆ ಬಿದ್ದ ಮೇಲೆ, ಬಾವಿ ಏರುವ ವಾರದಲ್ಲಿ, ನೀರು ಅತಿ ಕೊಳಕಾಗಿರುತ್ತದೆ, ನೋಡಲು ತಿಳಿಯಾಗಿದ್ದರೂ ಸಹ. ಆಗ ಒಮ್ಮೆ ಸ್ಯಾಂಪಲ್ ಹಿಡಿದು ಕೋಲಿಫಾರ್ಮ್ ಪರೀಕ್ಷೆ, ಅಂದರೆ ನೀರಿಗೆ ಕೊಳಚೆ ಸೇರಿದೆಯೇ ಎಂದು ತೋರಿಸುವ ಬ್ಯಾಕ್ಟೀರಿಯಾ ಪರೀಕ್ಷೆ, ಮಾಡಿಸಿ, ವರದಿ ಬರುವವರೆಗೆ ಕುದಿಸಿಯೇ ಕುಡಿಯಿರಿ. ಊರಿಂದ ತಂದ ಜೋಳದ ಹಿಟ್ಟನ್ನು ಜೂನ್‌ಗೆ ಮೊದಲೇ ಮುಗಿಸಿಬಿಡಿ. ಮಳೆಗಾಲಕ್ಕೆ ಕಾಳು ತಂದು ಮೇ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಬಿಗಿ ಮುಚ್ಚಳದ ಡಬ್ಬದಲ್ಲಿಟ್ಟು, ಹದಿನೈದು ದಿನಕ್ಕೆ ಬೇಕಾದಷ್ಟೇ ಬೀಸಿಸಿ. ಜಾಗ ಕಡಿಮೆ ಅನ್ನಿಸಿದರೆ ಅಜ್ಜಿಯ ಅಟ್ಟದಲ್ಲಿ ಒಂದು ಡಬ್ಬಿಗೆ ಜಾಗ ಕೇಳಿ ನೋಡಿ.